ಆಕಾಶ ನೋಡಿ ನಡೆಯುವ ಕೇಬಲ್ ಮಾವ

ನಮ್ಮ ಸೋದರಮಾವ ಕೊಟ್ಟೂರಿನಲ್ಲಿ ಹುಟ್ಟಿ ಬೆಳೆದವರು, ಆದರೂ ಅವರಿಗೆ ಊರಿನ ಜನರ ಮುಖ ಸರಿಯಾಗಿ ಗೊತ್ತಿಲ್ಲ. ಮಾಳಿಗೆ ತೋರಿಸಿ ನೋಡೋಣ! ಆ ಮನೆಯ ಟಿವಿ ಎಷ್ಟು ಹಳೆಯದು, ರಿಮೋಟು ಯಾರ ಕೈಯಲ್ಲಿರುತ್ತದೆ, ಅದಕ್ಕಾಗಿ ಯಾರು ಯಾರೊಡನೆ ಜಗಳವಾಡುತ್ತಾರೆ, ಎಲ್ಲ ಹೇಳುತ್ತಾರೆ. ಊರಿಗೆ ಮೊದಲು ಕೇಬಲ್ ಎಳೆದವರು ಅವರೇ. ತಂತಿ ನೋಡುತ್ತ ನಡೆದೂ ನಡೆದೂ ಕತ್ತು ಮೇಲಕ್ಕೇ ನಿಂತುಬಿಟ್ಟಿದೆ ಎಂಬುದು ಅತ್ತೆಯ ಆರೋಪ.

ನನಗೆ ಡೈರಿ ಬರೆಯುವ ಚಟ. ಈ ವರ್ಷದ ಡೈರಿಯಲ್ಲಿ ಇಲ್ಲಿಯವರೆಗಿನ ಮಾವನ ಖಾತೆ ಹೀಗಿದೆ: ಚರಂಡಿಗೆ ಕಾಲಿಟ್ಟದ್ದು ಎರಡು ಸಲ, ಸಂತೆಯಲ್ಲಿ ಟೊಮೆಟೊ ರಾಶಿ ತುಳಿದದ್ದು ಒಂದು ಸಲ, ಎಮ್ಮೆಗೆ ಡಿಕ್ಕಿ ಹೊಡೆದು ಅದಕ್ಕೇ "ಸ್ವಲ್ಪ ನೋಡ್ಕೊಂಡು ಬರ್ರಿ" ಎಂದು ಬುದ್ಧಿ ಹೇಳಿದ್ದು ಒಂದು ಸಲ.

ಅವರ ಕಂಟ್ರೋಲ್ ರೂಮ್ ಇರುವುದು ಅವರದೇ ಮನೆಯ ಮಾಳಿಗೆಯ ಮೇಲೆ. ಅದರ ಪಕ್ಕದಲ್ಲಿ ಮೂರು ದೊಡ್ಡ ಡಿಶ್‌ಗಳು ಆಕಾಶಕ್ಕೆ ಬಾಯಿ ತೆರೆದುಕೊಂಡು ಮಲಗಿವೆ. ಹಾಗಾದರೆ ಅತ್ತೆ ಸಂಡಿಗೆ ಒಣಹಾಕುವುದೆಲ್ಲಿ? ಒಂದು ಬೇಸಿಗೆಯಲ್ಲಿ ಅವರು ತಲೆ ಓಡಿಸಿ, ಮೂರರಲ್ಲಿ ಅಗಲವಾದ ಡಿಶ್ಶನ್ನು ಆರಿಸಿ, ಅದರೊಳಗೆ ಒದ್ದೆ ಸೀರೆ ಹಾಸಿ ಸಂಡಿಗೆ ಇಟ್ಟರು. ಊರಿನ ಕನ್ನಡ ಚಾನೆಲ್‌ಗಳೆಲ್ಲ ಒಮ್ಮೆಗೇ ಮಾಯ! ಮಾವ ಏಣಿ ಹೊತ್ತುಕೊಂಡು ಕಂಬದಿಂದ ಕಂಬಕ್ಕೆ ಓಡಿದರು. ಫೋನುಗಳ ಸುರಿಮಳೆ. ಎಲ್ಲರಿಗಿಂತ ಜೋರಾಗಿ ಬೈದವರು ಅತ್ತೆಯೇ. ಮಧ್ಯಾಹ್ನದ ಧಾರಾವಾಹಿ ತಪ್ಪಿತ್ತಲ್ಲ! ಇದೂ ಒಂದು ಕೇಬಲ್ಲಾ, ನಾಳೆಯಿಂದ ರೊಕ್ಕ ಕೊಡಬೇಡಿ ಎಂದು ನೆರೆಯವರಿಗೂ ಹೇಳಿಕೊಟ್ಟರಂತೆ. ಸಂಜೆ ಸೋತು ಸುಣ್ಣವಾಗಿ ಮಾಳಿಗೆ ಹತ್ತಿದ ಮಾವ ಡಿಶ್ಶಿನೊಳಗೆ ಕೈ ಚಾಚಿದರು.

"ಮುಟ್ಟಬ್ಯಾಡ್ರಿ" ಎಂದರು ಅತ್ತೆ, "ಇನ್ನೂ ಹಸಿ ಅದಾವು."

ಅಷ್ಟು ಗರಿಗರಿಯಾದ ಸಂಡಿಗೆ ಮತ್ತೆ ಯಾವ ವರ್ಷವೂ ಆಗಲಿಲ್ಲವಂತೆ.

ಆಮೇಲೆ ಮನೆಮನೆಗೆ ಸಣ್ಣ ಡಿಶ್‌ಗಳು ಬಂದವು. ಮಾವ ಅವಕ್ಕೆ 'ಬುಟ್ಟಿ' ಎಂದು ಹೆಸರಿಟ್ಟರು. ಬುಟ್ಟಿ ಹಾಕಿಸಿದ ಮನೆಯಲ್ಲಿ ನೀರೂ ಕುಡಿಯುವುದಿಲ್ಲ ಎಂಬ ಶಪಥ ಬೇರೆ. ನಮ್ಮಣ್ಣನಿಗೆ ಹೆಣ್ಣು ನೋಡಲು ಹಡಗಲಿಗೆ ಹೋದೆವು. ಎಲ್ಲರೂ ಹುಡುಗಿಯ ಮನೆಯ ಬಾಗಿಲು ನೋಡಿದರೆ ಮಾವ ಮಾಳಿಗೆ ನೋಡಿದರು. ಬುಟ್ಟಿ ಇತ್ತು! ಒಳಗೆ ಮಲ್ಲಿಗೆಯ ಘಮ, ತಟ್ಟೆಯಲ್ಲಿ ಬಿಸಿ ಮಂಡಕ್ಕಿ ಒಗ್ಗರಣೆ. ಮಾವ ಮಾತ್ರ ಕೈಕಟ್ಟಿ ಕೂತರು. ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಕುರ್ಚಿ ಖಾಲಿ. ಹುಡುಗಿಯ ಅಪ್ಪನೂ ನಾಪತ್ತೆ. ಹುಡುಕಿಕೊಂಡು ಹೋದರೆ ಇಬ್ಬರೂ ಮಾಳಿಗೆಯ ಮೇಲಿದ್ದಾರೆ! ಮೂರು ದಿನದಿಂದ ಚಿತ್ರ ಒಡೆದು ಬರುತ್ತಿದೆ ಎಂದು ಆತ ಅಂದದ್ದೇ ತಡ, ಮಾವನ ಕೈ ತಡೆಯಲಿಲ್ಲ. ಪಾನಾದಿಂದ ನಟ್ಟು ಸಡಿಲಿಸಿ, ಬುಟ್ಟಿಯನ್ನು ಕೂದಲೆಳೆಯಷ್ಟು ತಿರುಗಿಸಿ, ಕೆಳಗಿದ್ದ ಹುಡುಗಿಗೆ "ಈಗ ಹೆಂಗೈತವ್ವಾ?" ಎಂದು ಕೂಗಿ ಕೇಳುತ್ತಿದ್ದರು. ಅವಳು "ಚಲೋ ಬಂತ್ರಿ" ಎಂದಳು. ನಮ್ಮ ಅತ್ತಿಗೆಯ ಬಾಯಿಂದ ನಾವು ಕೇಳಿದ ಮೊದಲ ಮಾತು ಅದೇ! ಇಂಥ ಮಂದಿಯ ಮನೆಗೆ ಕಣ್ಣುಮುಚ್ಚಿ ಹೆಣ್ಣು ಕೊಡಬಹುದು ಎಂದು ಬೀಗರು ಅಲ್ಲೇ ಒಪ್ಪಿದರು. ಮಾವ ಬಸ್ಸಿನ ತುಂಬ ಒಂದೇ ಸಮನೆ ಗೊಣಗಿದರು: ವೈರಿಯ ಬುಟ್ಟಿಯನ್ನು ತಮ್ಮ ಕೈಯಾರೆ ರಿಪೇರಿ ಮಾಡಿಬಿಟ್ಟರಲ್ಲ!

ರಿಪೇರಿ ಎಂದರೆ ಅವರಿಗೆ ಅಷ್ಟು ಪ್ರಾಣ. ಬಾಯಲ್ಲಿ ರೊಟ್ಟಿ ಇದ್ದರೂ ಫೋನ್ ಬಂದರೆ ಎದ್ದುಬಿಡುತ್ತಿದ್ದರು. ಒಂದು ದಿನ ಯಾವ ದೂರೂ ಬಾರದಿದ್ದರೆ ತಾವೇ ಯಾರಿಗೋ ಮಾಡಿ, "ಟಿವಿ ಚಲೋ ಬರ್ತೈತೇನ್ರಿ? ಖರೇನ?" ಎಂದು ಕೇಳುತ್ತಿದ್ದರು, ಬರುವುದಿಲ್ಲ ಎನ್ನಲಿ ಎಂಬ ಆಸೆಯಿಂದ.

ಈಗ ಫೈಬರ್ ಬಂದಿದೆ. ಉಳಿದ ಮನೆಗಳನ್ನು ನಮಗೆ ಒಪ್ಪಿಸಿ, ಇಲ್ಲವೇ ನಾವೇ ಬೇರೆ ತಂತಿ ಎಳೆಯುತ್ತೇವೆ ಎಂದು ಒಂದು ಕಂಪನಿಯವರು ಹೇಳಿ ಹೋದರು. ಮಾವನ ಮಗಳು, ನನ್ನ ವಾರಿಗೆಯವಳು, ಅಪ್ಪನನ್ನು ಕೂರಿಸಿಕೊಂಡು ತಿಳಿಹೇಳಿದಳು. ಒಂದೇ ಎಳೆಯಲ್ಲಿ ಟಿವಿ, ಇಂಟರ್‌ನೆಟ್, ಸಿನಿಮಾ ಎಲ್ಲ ಬರುತ್ತದೆ, ಕಮಿಷನ್ನೂ ಸಿಗುತ್ತದೆ. ಮಾವ ಎಲ್ಲ ಕೇಳಿಸಿಕೊಂಡರು.

"ಕೆಟ್ರ?"

"ಕಂಪನಿ ನಂಬರಿಗೆ ಮಾಡ್ತಾರಪ್ಪ. ಅಲ್ಲಿಂದಾನ ಸರಿ ಮಾಡ್ತಾರ."

"ಅಂದ್ರ ನನಗ ಯಾರೂ ಮಾಡಂಗಿಲ್ಲ."



ಕೊನೆಗೆ ಮಾವ ಸಹಿ ಹಾಕಿದರು. ಮನೆಗಳೆಲ್ಲ ಒಂದೊಂದಾಗಿ ಫೈಬರಿಗೆ ಹೋದವು. ಆದರೂ ಮಾವ ಹಳೆಯ ಯಂತ್ರಗಳನ್ನು ಆರಿಸಲಿಲ್ಲ. ಯಾರದಾದರೂ ಒಂದು ಟಿವಿ ಇನ್ನೂ ನಮ್ಮ ತಂತಿಯಲ್ಲಿದ್ದರೆ ಎಂಬ ಅನುಮಾನ ಅವರಿಗೆ. ಕರೆಂಟು ಸುಮ್ಮನೆ ಸುಡುತ್ತಿದೆ ಎಂದು ಮಗಳು ಬೇಡಿಕೊಂಡ ಮೇಲೆ, ಹೋದ ಭಾನುವಾರ ಬೆಳಿಗ್ಗೆ ನಾವು ಮೂವರೂ ಮೇಲಕ್ಕೆ ಹೋದೆವು. ಮಾವ ಒಂದೊಂದೇ ಸ್ವಿಚ್ ಒತ್ತಿದರು. ಫ್ಯಾನುಗಳು ನಿಂತವು. ಆ ಕೋಣೆ ಅಷ್ಟು ನಿಶ್ಶಬ್ದವಾಗಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ಮಾವ ಫೋನನ್ನು ಎದುರಿಗಿಟ್ಟುಕೊಂಡು ಕೂತರು. ಊರಿನ ಟಿವಿಗಳೆಲ್ಲ ಕಪ್ಪಾದಾಗ ಎರಡು ನಿಮಿಷದಲ್ಲಿ ಹೊಡೆದುಕೊಳ್ಳುತ್ತಿದ್ದ ಫೋನು ಅದು. ನಾವು ಕಾದೆವು. ಯಾರಿಗೂ ಏನೂ ಆಗಿರಲಿಲ್ಲ. ಮಾವ ಅದನ್ನು ಎತ್ತಿ, ಸೈಲೆಂಟಿನಲ್ಲಿದೆಯೇನೋ ಎಂದು ನೋಡಿ ಮತ್ತೆ ಇಟ್ಟರು. ನಾನು ಕಿಟಕಿಯ ಕಡೆ ತಿರುಗಿದೆ.

ಆಗ ಫೋನ್ ಬಂತು.

"ಕೇಬಲ್ ಆಫೀಸೇನ್ರಿ?"

ದನಿ ಫೋನಿನಿಂದಲೂ ಬರುತ್ತಿತ್ತು, ಕೆಳಗಿನ ಅಡುಗೆಮನೆಯಿಂದಲೂ ಬರುತ್ತಿತ್ತು.

ಮಾವ ಗಂಟಲು ಸರಿಮಾಡಿಕೊಂಡರು. "ಹೌದ್ರಿ. ಯಾವ ಏರಿಯಾ?"

"ನಿಮ್ಮ ಮೆಟ್ಲ ಕೆಳಗಿನ ಮನಿರಿ. ಟಿವಿ ಹೋಗೇತಿ. ನೀವೇ ಬರ್ಬೇಕು, ಬ್ಯಾರೆಯವರ್ನ ಕಳಸಬ್ಯಾಡ್ರಿ."

"ಬಂದೆ" ಎಂದು ಮಾವ ಪಾನಾ ಚೀಲ ಹೆಗಲಿಗೆ ಹಾಕಿಕೊಂಡು ಇಳಿದರು. ನಾನೂ ಹಿಂದೆ ಹೊರಟೆ. ಮಗಳು ನನ್ನ ಕೈ ಹಿಡಿದು ಅಲ್ಲೇ ಕೂರಿಸಿದಳು.