ಮೇಪಲ್ ಕೋಣೆಗೆ ನಾನು ಹಾಕಿದ ಬೀಗ

"ಇನ್ನು ಮುಂದೆ ನಮ್ಮ ತಂಗುಮನೆಯಲ್ಲಿ ಒಂದೇ ಕೋಣೆ ಇಬ್ಬರಿಗೆ ಹೋದರೆ ನನ್ನ ಹೆಸರು ಕುವಾಜಿಮಾ ಅಲ್ಲ!" ಎಂದು ಘೋಷಿಸಿಬಿಟ್ಟೆ.

"ಅದು ನಮ್ಮಪ್ಪ ಕೊಟ್ಟ ಹೆಸರು ರೀ, ಜೋಪಾನ," ಎಂದಳು ಹೆಂಡತಿ ಫುಮಿಯೆ, ಮೂಲಂಗಿ ಹೆಚ್ಚುತ್ತ.

ನಿಜ, ನಾನು ಮನೆಅಳಿಯ. ಮದುವೆಯ ದಿನವೇ ಮಾವನ ಮನೆತನದ ಹೆಸರನ್ನೂ ಅವರ ಬಿಸಿನೀರ ಬುಗ್ಗೆಯ ತಂಗುಮನೆಯನ್ನೂ ಹೊತ್ತುಕೊಂಡವನು. ಆ ಹೆಸರಿಗೆ ಮಸಿ ಬಳಿದದ್ದು ಕಂಪ್ಯೂಟರು. ಹೋದ ವಾರ ಅಡುಗೆಮನೆಯಲ್ಲಿ ಅವಳು, ಮುಂಬಾಗಿಲಲ್ಲಿ ನಾನು, ಒಂದೇ ಹೊತ್ತಿಗೆ ಒಂದೇ ಕೋಣೆಯ ಪುಟ ತೆರೆದೆವು. ಅವಳು ಬರೆದದ್ದರ ಮೇಲೆ ನಾನು ಬರೆದದ್ದು ಕೂತಿತು. ಎರಡು ಸಂಸಾರ ಒಂದೇ ಹಾಸಿಗೆಗೆ ಬಂದು ನಿಂತವು!

ಬಿಟ್ಟೇನೇ? ಹೊಸ ಕಾನೂನು ತಂದೆ. ಒಬ್ಬರು ತೆರೆದ ಪುಟ ಅವರು ಮುಚ್ಚುವ ತನಕ ಇನ್ನೊಬ್ಬರಿಗೆ ತೆರೆಯದು. ಕೋಣೆಯ ಪುಟ, ಊಟದ ಪುಟ ಎರಡನ್ನೂ ಒಬ್ಬರೇ ತುಂಬಬೇಕು. ನಡುವೆ ಬಿಟ್ಟರೆ ಎಲ್ಲ ಅಳಿಸಿಹೋಗುತ್ತದೆ. ಪರದೆಯಲ್ಲಿ ಹೆಸರಿಲ್ಲದವರಿಗೆ ಕೋಣೆಯೇ ಇಲ್ಲ!

ಮರುದಿನ ಮಧ್ಯಾಹ್ನ ಫುಮಿಯೆಗೆ ಕೊಟೊ ತಂತಿವಾದ್ಯ ಕಲಿಸಿದ ಹನಾಬುಸಾ ಟೀಚರ್ ಫೋನ್ ಮಾಡಿ, ಸಂಜೆ ಬರುತ್ತೇನೆಂದರು. ಫುಮಿಯೆಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತೋಟಕ್ಕೆ ತೆರೆಯುವ ಮೇಪಲ್ ಕೋಣೆಯೇ ಅವರಿಗಾಗಬೇಕು. ಅವಳು ಊಟದ ಪುಟ ತೆರೆದಳು. ಸಹಾಯ ಮಾಡೋಣವೆಂದು ನಾನು ಕೋಣೆಯ ಪುಟ ತೆರೆದೆ.

"ರೀ, ಕೋಣೆ ಪುಟ ತೆರೀತಿಲ್ಲ! 'ಬೇರೆಯವರು ಬಳಸುತ್ತಿದ್ದಾರೆ, ದಯವಿಟ್ಟು ಕಾಯಿರಿ' ಅಂತಿದೆ!"

"ನೀನು ಊಟದ್ದು ಬಿಡು, ಎರಡೂ ನಾನೇ ಮುಗಿಸ್ತೀನಿ!"

"ಟೀಚರ್‌ಗೆ ಏನು ಆಗುತ್ತೆ, ಏನು ಆಗಲ್ಲ ಅಂತ ಇಷ್ಟುದ್ದ ಬರೆದಿದ್ದೀನಿ! ನೀವೇ ಬಿಡಿ!"

ನಾನು ಕೂತೆ, ಎದ್ದೆ, ಮತ್ತೆ ಕೂತೆ. ಗಡಿಯಾರ ಓಡುತ್ತಿತ್ತು, ನಾವಿಬ್ಬರು ಮಾತ್ರ ನಿಂತಲ್ಲೇ ನಿಂತಿದ್ದೆವು. ಕೊನೆಗೆ ದಾಂಪತ್ಯಪ್ರೇಮ ಉಕ್ಕಿತು ನೋಡಿ, ಇಬ್ಬರೂ ಒಂದೇ ಕ್ಷಣಕ್ಕೆ ಸೋತೆವು. ಇಬ್ಬರೂ ಮುಚ್ಚಿದೆವು. ಇಬ್ಬರದೂ ಅಳಿಸಿಹೋಯಿತು! ಮತ್ತೆ ತೆರೆಯಹೋದರೆ, "ದಯವಿಟ್ಟು ಕಾಯಿರಿ!"

"ಈಗ ಯಾರು?" ಕಿರುಚಿದೆ.

"ನಾನೇ ಕಣಪ್ಪ!" ಸ್ನಾನದ ಮನೆ ಕಡೆಯ ಮೂರನೇ ಕಂಪ್ಯೂಟರಿನಿಂದ ಅತ್ತೆಯ ದನಿ. "ಸೈಕಲ್ಲಿನವರೊಬ್ಬರು ಹಿಂಬಾಗಿಲಿಗೆ ಬಂದು ಎಷ್ಟೊತ್ತಾಯ್ತು! ಈಗ ತೆರೀತು. ಮೇಪಲ್ ಕೋಣೆಯೊಂದೇ ಖಾಲಿ ಇತ್ತು, ಕೊಟ್ಟುಬಿಟ್ಟೆ."

"ಅಯ್ಯೋ, ಅದು ಟೀಚರ್‌ದು!"

"ಬರೆದಿರಲಿಲ್ಲವಲ್ಲ! ಕಾನೂನು ನಿನ್ನದೇ ತಾನೆ?"

ಅಷ್ಟರಲ್ಲಿ ಟೀಚರ್ ಬಂದೇಬಿಟ್ಟರು. ಫುಮಿಯೆ ನೆಲಕ್ಕೆ ಹಣೆ ತಾಗುವಂತೆ ಬಾಗಿ, ನಮ್ಮ ಮಲಗುವ ಕೋಣೆಗೇ ಅವರನ್ನು ಕರೆದೊಯ್ದಳು. ಸ್ವಲ್ಪ ಹೊತ್ತಿಗೆ ನನ್ನ ದಿಂಬು, ಹೊದಿಕೆ ಹೊರಗೆ ಬಂದವು.

"ಏನೇ ಹೇಳು," ನಾನು ಮೀಸೆ ಮಣ್ಣಾಗದ ಹಾಗೆ ನೋಡಿಕೊಂಡೆ, "ಮೇಪಲ್ ಕೋಣೆ ಇಬ್ಬರಿಗೆ ಹೋಗಲಿಲ್ಲ!"

"ಮೇಪಲ್ ಕೋಣೆ ಹೋಗಲಿಲ್ಲ ರೀ. ಆದರೆ ಈ ಕೋಣೆ ಬೆಳಗ್ಗೆ ನಿಮ್ಮದಾಗಿತ್ತು, ಈಗ ಟೀಚರ್‌ದೂ ಆಯ್ತು," ಎನ್ನುತ್ತ ಫುಮಿಯೆ ಕೈ ಚಾಚಿದಳು. "ಕೊಡಿ ಇಲ್ಲಿ, ನಮ್ಮಪ್ಪನ ಹೆಸರು!"