ಮನೆಮಂದಿಗೆಲ್ಲ ಪಾಲಾದ ಕಾಯಿಲೆ

ದಿಂಡಿಗಲ್ಲಿನ ವೈದ್ಯರೊಬ್ಬರ ಅವಸರಕ್ಕೆ ದಂಡ ತೆತ್ತವರು ನನ್ನ ಸೋದರತ್ತೆ ಮತ್ತು ಮಾವ, ವೈದ್ಯರಲ್ಲ. ರೋಗಿಯ ಜೊತೆ ಒಬ್ಬರೇ ಎಂಬ ನಿಯಮದಂತೆ ಅತ್ತೆಯನ್ನಷ್ಟೇ ಒಳಗೆ ಬಿಟ್ಟು, ಮಾವನ ರಕ್ತ ಪರೀಕ್ಷಿಸಿ, 'ಥ್ರಾಂಬೋಸೈಟೋಪೀನಿಯಾ' ಎಂದು ಒಂದೇ ಉಸಿರಿನಲ್ಲಿ ಉಚ್ಚರಿಸಿ, ಮುಂದಿನ ರೋಗಿಯನ್ನು ಕರೆದರು. ಹಾಗೆಂದರೇನು? ಯಾವ ಮಾತ್ರೆ ನುಂಗಬಾರದು? ಹೇಳಲಿಲ್ಲ. ಇದು ಅನ್ಯಾಯ, ಅನ್ಯಾಯವೆಂದೇ ಕರೆಯುತ್ತೇನೆ.

ಆದರೆ ನಮ್ಮ ಅತ್ತೆಯಿದ್ದಾರಲ್ಲ, ಇಡೀ ಕಂಬಂ ಕಣಿವೆಯಲ್ಲಿ ಕಾಯಿಲೆಯನ್ನೂ ಆಸ್ತಿಯಂತೆ ಭಾಗ ಮಾಡಿದ ಏಕೈಕ ಮಹಿಳೆ ಅವರೇ! ನರ್ಸನ್ನು ಬಾಗಿಲಲ್ಲೇ ಅಡ್ಡಗಟ್ಟಿ, "ತುಂಡುತುಂಡಾ ಹೇಳು ತಾಯೀ" ಎಂದು ಪದವನ್ನು ಬಿಡಿಸಿಕೊಂಡರು. ಮನೆಗೆ ಬಂದು, ದ್ರಾಕ್ಷಿ ತೋಟದ ಸಾಲುಗಳನ್ನು ಆಳುಗಳಿಗೆ ಒಪ್ಪಿಸುವಂತೆ ನಮಗೆಲ್ಲ ಹಂಚಿದರು. ಮಾವನಿಗೆ 'ಥ್ರಾಂ', ತಮಗೆ 'ಬೋ', ನನಗೆ 'ಸೈ', ಮಗನಿಗೆ 'ಟೋ', ಸೊಸೆಗೆ ಬಾಲದ 'ಪೀನಿಯಾ'.

"ನಂಗೆ ಮಾತ್ರ ಯಾಕತ್ತೆ ಇಷ್ಟುದ್ದ?" ಎಂದಳು ಸೊಸೆ.

"ವಯಸ್ನೋಳು ನೀನು, ಹೊರು!"

ದುಡಿಮೆಯ ಈ ಅಸಮಾನ ಹಂಚಿಕೆಯನ್ನು ನಾನು ತೀವ್ರವಾಗಿ ಖಂಡಿಸಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ದಿನಾ ಸಾಲಾಗಿ ಕೂತು ತಂತಮ್ಮ ತುಂಡು ಒಪ್ಪಿಸಿದವರಿಗಷ್ಟೇ ಊಟ!

ಮುಂದಿನ ತಪಾಸಣೆ ಮುಗಿಸಿ ಮರಳುವಾಗ, ದಾರಿಯ ಬತ್ತಲಗುಂಡು ಬಸ್ ನಿಲ್ದಾಣದಲ್ಲಿ ಮಾವನ ಮಂಡಿ ಹಿಡಿದುಕೊಂಡಿತು. ಕಾಗದಗಳೆಲ್ಲ ಆಸ್ಪತ್ರೆಯಲ್ಲೇ ಉಳಿದಿದ್ದವು. ಮೆಡಿಕಲ್ ಶಾಪಿನವನು ನೋವಿನ ಮಾತ್ರೆಯನ್ನು ಮಾವನ ಕೈಗಿಡುತ್ತ, ಬೇರೆ ಕಾಯಿಲೆಯೇನಾದರೂ ಉಂಟೇ ಎಂದು ಕೇಳಿದ.

"ಥ್ರಾಂ" ಎಂದರು ಮಾವ.

"ಬೋ" ಎಂದರು ಅತ್ತೆ.

"ಸೈ" ಎಂದೆ ನಾನು.

ಮುಂದಿನ ತುಂಡೇ ಇಲ್ಲ! 'ಟೋ' ಅಪ್ಪ ಗುಣವಾಗಲೆಂದು ಮುಡಿ ಕೊಡಲು ಪಳನಿಗೆ ಹೋಗಿತ್ತು. ನಾನೇ ಪೂರ್ತಿ ಹೇಳಹೊರಟರೆ ಅತ್ತೆ ಗದರಿದರು: "ಅವನ ಪಾಲು ನೀ ಯಾಕೆ ನುಂಗ್ತೀ?"

ಮಗನಿಗೆ ಫೋನು ಹೋಯಿತು. "ಅರ್ಧ ತಲೆ ಬೋಳಾಗೈತೆ ಅವ್ವಾ, ಆಮೇಲೆ..."

"ಮೊದ್ಲು ನಿಂದು ಹೇಳೋ!"

"ಟೋ!"

"ಪೀನಿಯಾ" ಎಂದು ನಮ್ಮ ಪಕ್ಕದಲ್ಲೇ ಕಾದಿದ್ದ ಸೊಸೆ ಮುಗಿಸಿದಳು.

ಅಂಗಡಿಯವನು ಮಾವನ ಅಂಗೈಯಿಂದ ಮಾತ್ರೆ ಕಿತ್ತುಕೊಂಡ. "ಅಯ್ಯಯ್ಯೋ, ವೇಂಡಾಮ್ಮಾ, ಬೇಡ ಬೇಡ!" ರಕ್ತ ಹೆಪ್ಪುಗಟ್ಟಿಸುವ ಕಣಗಳು ಕಡಿಮೆಯಿರುವ ಈ ಕಾಯಿಲೆಯವರು ಅದನ್ನು ನುಂಗಿದರೆ ಒಳಗೆ ರಕ್ತ ಸೋರಿ ಜೀವಕ್ಕೇ ಕುತ್ತಾಗಬಹುದಂತೆ.

ಬಸ್ಸು ತೇನಿಯತ್ತ ಹೊರಟಿತು. ನಮ್ಮಲ್ಲಿ ನಗುವ ಧೈರ್ಯ ಯಾರಿಗೂ ಇರಲಿಲ್ಲ. "ಒಬ್ಬರೇ ಹೇಳಿದರೆ ಆಗದೇನತ್ತೆ?" ಎಂದು ಮೆಲ್ಲನೆ ಕೇಳಿದೆ.

ಅತ್ತೆ ಮಾವನ ಮಂಡಿ ನೀವುತ್ತಿದ್ದರು. "ಪೂರ್ತಿ ಹೇಳಕ್ಕೋದ್ರೆ ಎದೆ ನಡುಗ್ತೈತೆ, ನನ್ ಕಣ್ಣೇ. ಒಂದು ತುಂಡಾದ್ರೆ ಹೇಳ್ಬೋದು. ಮಿಕ್ಕಿದ್ದಕ್ಕೆ ಪಕ್ಕದಾಗೆ ನೀವೆಲ್ಲ ಇರ್ತೀರಲ್ಲ."

ವೈದ್ಯರೇ, ಕಾಯಿಲೆಯ ಹೆಸರನ್ನು ಬಿಡಿಬಿಡಿಯಾಗಿ ಹೇಳಿ; ಅದರ ಅರ್ಥವನ್ನೂ, ನುಂಗಬಾರದ ಮಾತ್ರೆಗಳನ್ನೂ ರೋಗಿಗೆ ತಿಳಿಯುವ ಮಾತಿನಲ್ಲಿ ಹೇಳಿ. ಮತ್ತು ರೋಗಿಯ ಜೊತೆ ಒಬ್ಬರೇ ಎಂಬ ನಿಮ್ಮ ನಿಯಮವನ್ನು ಇಂದೇ ಕೈಬಿಡಿ. ಮಾವನ ಜೊತೆ ನಾವು ನಾಲ್ವರಿದ್ದೇವೆ. ನಾಲ್ವರನ್ನೂ ಒಳಗೆ ಬಿಡಿ.