ನೂರಾ ಎಂಟು ಗೆರೆಗಳೂ ಅಡಿವೆಪ್ಪನ ಮೂಸುಯಂತ್ರವೂ

"ಇವತ್ತು ಫ್ಯಾಕ್ಟರಿ ಮಾಡಿದ ಪಾಪ ಎಲ್ಲಾ ಹೊರಗ ಬೀಳ್ತಾವ ನೋಡಕ್ಕಾ!" ಎಂದು ನನ್ನ ತಮ್ಮ ಅಡಿವೆಪ್ಪ ಯಂತ್ರದ ಮೇಲಿನ ಬಟ್ಟೆ ತೆಗೆದ. ನಾಲ್ಕು ಗಾಲಿ, ಹಾಲಿನ ಕ್ಯಾನಿನ ಹೊಟ್ಟೆ, ಮುಂದೆ ರಬ್ಬರಿನ ಉದ್ದ ಮೂಗು. ಇದು ಅವನ ಹನ್ನೊಂದನೆಯ ಯಂತ್ರ. ಹಿಂದಿನ ಹತ್ತರ ಬಗ್ಗೆ ನಮ್ಮ ಮನೆಯಲ್ಲಿ ಮಾತಾಡುವುದಿಲ್ಲ.

ಗದುಗಿನ ಐಸ್‌ಕ್ರೀಮ್ ಫ್ಯಾಕ್ಟರಿಯಲ್ಲಿ ಒಂಬತ್ತು ವರ್ಷದಿಂದ ಕೋಲ್ಡ್ ರೂಮ್ ನೋಡಿಕೊಳ್ಳುವವಳು ನಾನು. ನಮ್ಮಿಂದ ಎಷ್ಟು ಹಸಿರುಮನೆ ಅನಿಲ ಹೊರಹೋಗುತ್ತದೆಂದು ವರದಿ ಕೊಡಿ ಎಂದು ನಮ್ಮ ಮಾಲು ಕೊಳ್ಳುವ ದೊಡ್ಡ ಕಂಪನಿ ಪತ್ರ ಹಾಕಿತ್ತು. ಅದನ್ನು ಮೂಸಿ ಅಳೆಯಲೆಂದೇ ತಮ್ಮ ಈ ಯಂತ್ರ ಮಾಡಿದ್ದ.

"ಹಸಿರು ಅಂದಮ್ಯಾಲ ಛಲೋನ ಅಲ್ಲೇನು? ಜಾಸ್ತಿ ತೋರ್ಸು!" ಎಂದರು ಫ್ಯಾಕ್ಟರಿಯ ಸಾಹುಕಾರ ಬಸಲಿಂಗಪ್ಪನವರು.

"ಅಯ್ಯ ಸಾವ್ಕಾರ್ರ, ಭೂಮಿ ಕಾಯಿಸೋ ಗ್ಯಾಸ್ ರೀ ಅದು!" ಎಂದೆ.

"ಹಂಗಾರ ಸೊನ್ನಿ ತೋರ್ಸು."

ಯಂತ್ರ ಹೊರಟಿತು. ಬಾಯ್ಲರ್ ಮೂಸಿ "ಎರಡು ಟನ್!" ಎಂದಿತು. ಸಾಹುಕಾರರು ತೇಗಿದರೆ ಅವರ ಹೊಟ್ಟೆಗೇ ಮೂಗು ಹಚ್ಚಿತು! ಅವರು ಕುರ್ಚಿ ಹತ್ತಿದರು. ಅಡಿವೆಪ್ಪ ತಿರುಪು ತಿರುವಿದಷ್ಟೂ ಅದು ಕೆರಳಿತು. ಸೀದಾ ನನ್ನ ಕೋಲ್ಡ್ ರೂಮಿಗೆ ನುಗ್ಗಿ, ಹಳೆಯ ಪೈಪಿನ ಮುಂದೆ ನಿಂತು ಅರಚಿತು: "ತಿಂಗಳಿಗೆ ಮೂವತ್ತೊಂಬತ್ತು ಟನ್!"

"ಕೆಟ್ಟೈತಿ ಇದು," ಎಂದೆ. "ತಿಂಗಳಿಗೆ ಹತ್ತು ಕಿಲೋದ ಒಂದ ಸಿಲಿಂಡರ್ ತುಂಬ್ತೀನಿ ನಾ."

ತಮ್ಮ ತಿರುಪು ಬಿಟ್ಟು ನನ್ನತ್ತ ತಿರುಗಿದ. "ಅಕ್ಕಾ, ತಂಪು ಮಾಡೋ ಗ್ಯಾಸ್ ಖರ್ಚಾಗೂದಿಲ್ಲ, ಒಳಗ ಸುತ್ತತಿರತೈತಿ. ನೀ ತುಂಬಿದ್ದೆಲ್ಲಾ ಸೋರಿ ಹೋಗೇತಿ. ಅದರ ಒಂದು ಕಿಲೋ, ಸುಮಾರು ನಾಕ್ ಸಾವಿರ ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ!"

ಎಮ್ಮೆಗೆ ಮೇವು ಹಾಕಿದಂತೆ ಒಂಬತ್ತು ವರ್ಷ ತುಂಬಿದ್ದೆ, ಎಲ್ಲಿ ಹೋಯಿತೆಂದು ಒಮ್ಮೆಯೂ ಕೇಳಿರಲಿಲ್ಲ. ನಾಚಿಕೆಯಾಯಿತು, ಅಳುವೂ ಬಂತು. ಒಂದೊಂದು ಸಿಲಿಂಡರಿಗೂ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದಿದ್ದೆ. ಎಣಿಸಿದರೆ ನೂರಾ ಎಂಟು!

"ಗೆರಿ ಒರಸು, ಸೊನ್ನಿ ಬರದು ಕಳಸೂಣು! ಇಲ್ಲಾಂದ್ರ ನಾಳಿಂದ ಕೆಲಸಕ್ಕ ಬರಬ್ಯಾಡ!" ಎಂದರು ಸಾಹುಕಾರರು.

"ಒರಸೂದಿಲ್ರಿ," ಎಂದೆ.

ಅವರೇ ಒದ್ದೆ ಬಟ್ಟೆ ಹಿಡಿದು ಬಂದರು. ಯಂತ್ರ ಅಡ್ಡ ನಿಂತಿತು. ಸಿಟ್ಟಿನಿಂದ ಒದ್ದರು ನೋಡಿ! ಅದು ಹೋಗಿ ಪೈಪಿಗೆ ಬಡಿದು, ಸೋರುವ ತೂತಿಗೇ ಮೂಗು ಒತ್ತಿ ಲೊಚಕ್ಕನೆ ಕಚ್ಚಿಕೊಂಡಿತು. ನಾಲ್ವರು ಎಳೆದರೂ ಬಿಡಲಿಲ್ಲ.

"ಸೊನ್ನೆ," ಎಂದಿತು ಮೆಲ್ಲಗೆ.

ಸಾಹುಕಾರರು ಬಗ್ಗಿ ಪೈಪಿಗೆ ಕಿವಿ ಹಚ್ಚಿದರು; ಸೋರುವುದು ನಿಂತಿತ್ತು. ಬಟ್ಟೆ ಕೆಳಗೆ ಹಾಕಿದರು. "ಹಿಂದಿಂದು ಖರೇ ಬರೀವಾ. ನಾಳಿಂದ ಕೆಲಸಕ್ಕ ಬಾ. ಸೊನ್ನಿ ಇನ್ನ ಮ್ಯಾಲ ಬರಿಯೂಣು."

ತಮ್ಮನ ಹನ್ನೊಂದು ಯಂತ್ರಗಳಲ್ಲಿ ಉಪಯೋಗಕ್ಕೆ ಬಂದದ್ದು ಇದೊಂದೇ, ಅದೂ ಬಿರಡೆಯಾಗಿ.